ಅಪೀಲಲ್ಲಿದೆ, ಸ್ವಾಮಿ!

ಕಾಲದ ವಿಷಯದಲ್ಲಿ ನಮ್ಮ ಕಾನೂನು ಬಲು ಕಟ್ಟುನಿಟ್ಟು. ಸೆಷನ್ಸ್ ಕೋರ್ಟಿನಲ್ಲಿ ಶಿಕ್ಷೆಯಾದವನು ಹೈಕೋರ್ಟಿಗೆ ಅಪೀಲು ಹೋಗಬೇಕಾದರೆ 60 ದಿನದೊಳಗೆ ಹೋಗಬೇಕು. ಅರವತ್ತೊಂದನೇ ದಿನ ಹೋದರೆ ಯಾಕೆ ತಡವಾಯಿತೆಂದು ಅಫಿಡವಿಟ್ಟು ಬರೆದು, ಜ್ವರ ಬಂದಿತ್ತೆಂದೋ ಕಾಗದಪತ್ರ ಕೈಗೆ ಸಿಗಲಿಲ್ಲವೆಂದೋ ಕಾರಣ ಕೊಟ್ಟು ಮನ್ನಿಸಿ ಅನ್ನಬೇಕು. ಹಾಕಿದ ಅಪೀಲನ್ನು ಎಷ್ಟು ದಿನದಲ್ಲಿ ಕೇಳಿ ಮುಗಿಸಬೇಕು ಅಂತ ಬರೆಯಲು ಮಾತ್ರ ಬಹಳ ವರ್ಷ ಯಾರಿಗೂ ಪುರುಸೊತ್ತಾಗಲಿಲ್ಲ. ಕೊನೆಗೆ 2018ರಲ್ಲಿ, ಕಠುವಾದ ಮಗುವಿನ ಮೇಲಿನ ಅತ್ಯಾಚಾರದ ಸುದ್ದಿಗೆ ದೇಶ ಬೀದಿಗಿಳಿದ ಮೇಲೆ, ಸಂಸತ್ತು ಕಾಯ್ದೆಗೆ ಒಂದು ಸಾಲು ಸೇರಿಸಿತು: ಅತ್ಯಾಚಾರದ ಶಿಕ್ಷೆಯ ವಿರುದ್ಧದ ಅಪೀಲು ಆರು ತಿಂಗಳಲ್ಲಿ ಇತ್ಯರ್ಥವಾಗತಕ್ಕದ್ದು. ‘ತಕ್ಕದ್ದು’ ಅಂತ ಬರೆದ ಮೇಲೆ ಆಗಿಯೇ ತೀರುತ್ತದೆ ಎಂದು ನಂಬಿ ಎಲ್ಲರೂ ಮನೆಗೆ ಹೋದರು.

ಆ ಹೊತ್ತಿಗೆ ನಮ್ಮ ಜಿಲ್ಲೆಯ ಅಪೀಲೊಂದು ಮದ್ರಾಸ್ ಹೈಕೋರ್ಟಿನಲ್ಲಿ ಆರು ವರ್ಷ ಕೂತು ಏಳನೆಯದಕ್ಕೆ ಕಾಲಿಟ್ಟಿತ್ತು.

ನಮ್ಮ ಜಿಲ್ಲೆ ಅಂದೆನಲ್ಲ, ಹೊಸೂರಿನ ಬಳಿಯ ಬಾಗಲೂರಿನವರಾದ ನಮಗೆ ಜಿಲ್ಲೆ ಯಾವುದು ಅನ್ನುವುದೇ ಸ್ವಲ್ಪ ಫಜೀತಿಯ ಪ್ರಶ್ನೆ. ಅಜ್ಜನ ಪತ್ರದಲ್ಲಿ ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಕೂತಲ್ಲೇ ಕೂತು ಮೂರು ಜಿಲ್ಲೆ ನೋಡಿದವರು ನಾವು. ಆದ್ದರಿಂದ 1992ರ ಜೂನ್ 20ರಂದು ಹರೂರಿನ ಆಚೆ, ಸಿತ್ತೇರಿ ಬೆಟ್ಟದ ಬುಡದ ವಾಚಾತಿಯಲ್ಲಿ ನಡೆದದ್ದು ಬೇರೆ ಯಾವುದೋ ಊರಿನ ಸುದ್ದಿ ಎಂದು ನಾವು ಪೇಪರು ಮಡಚುವ ಹಾಗಿಲ್ಲ. ನಮಗೂ ಅವರಿಗೂ ಆಗ ಒಬ್ಬನೇ ಕಲೆಕ್ಟರು, ಒಬ್ಬನೇ ಎಸ್ಪಿ.

ಆ ದಿನ ವಾಚಾತಿಗೆ ಅರಣ್ಯ ಇಲಾಖೆ, ಪೊಲೀಸ್ ಇಲಾಖೆ, ಕಂದಾಯ ಇಲಾಖೆ ಮೂರೂ ಒಟ್ಟಾಗಿ ಹೋದವು. ಒಂದು ಪಟ್ಟಾ ಬದಲಾವಣೆಗೆ ಈ ಮೂವರನ್ನು ಒಂದೇ ದಿನ ಒಂದೇ ಜಾಗದಲ್ಲಿ ಸೇರಿಸಿ ನೋಡಿ, ನಿಮ್ಮ ಮೊಮ್ಮಗನ ಮದುವೆಯೂ ಆಗಿಹೋಗಿರುತ್ತದೆ. ಅಂದು ಮಾತ್ರ ಇಲಾಖೆಗಳ ನಡುವೆ ಅಪೂರ್ವ ಹೊಂದಾಣಿಕೆ. ಸಿಬಿಐ ಕೊನೆಗೆ ಆರೋಪಪಟ್ಟಿಯಲ್ಲಿ ಎಣಿಸಿದ್ದು 269 ಸರ್ಕಾರಿ ನೌಕರರನ್ನು: ಅರಣ್ಯದವರು 155, ಪೊಲೀಸರು 108, ಕಂದಾಯದವರು 6. ಹುಡುಕಲು ಹೋದದ್ದು ಕಳ್ಳಸಾಗಣೆಯ ಗಂಧದ ಮರ.

ಗಂಧ ಅಂದ ಕೂಡಲೇ ಕನ್ನಡಿಗರ ಕಿವಿ ನೆಟ್ಟಗಾಗುತ್ತದೆ. ನಮ್ಮ ಮಟ್ಟಿಗೆ ಫಾರೆಸ್ಟ್ ಆಫೀಸರು ಅಂದರೆ ‘ಗಂಧದ ಗುಡಿ’ಯ ರಾಜ್‌ಕುಮಾರ್, ಖಾಕಿ ತೊಟ್ಟು ಜೀಪಿನಿಂದ ಇಳಿದರೆ ಸಾಕು, ಕಳ್ಳರು ನಡುಗಬೇಕು. ವಾಚಾತಿಯಲ್ಲಿ ಜೀಪಿನಿಂದ ಇಳಿದವರು ಊರಿನ ಜನರನ್ನೆಲ್ಲ ಆಲದ ಮರದಡಿ ಕೂಡಿಹಾಕಿ ಹೊಡೆದರು. ಬಚ್ಚಿಟ್ಟ ಗಂಧ ತೋರಿಸಿ ಎಂದು 18 ಮಂದಿ ಹೆಣ್ಣುಮಕ್ಕಳನ್ನು ಕೆರೆಯ ಕಡೆ ಎಳೆದೊಯ್ದರು. ಅವರಲ್ಲಿ ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ಅತ್ಯಾಚಾರ ಮಾಡಿದ ಮೇಲೆ ರಾತ್ರಿ ಹರೂರಿನ ಅರಣ್ಯ ಕಚೇರಿಯಲ್ಲಿ ಇಟ್ಟುಕೊಂಡು, ಆಮೇಲೆ ಸೇಲಂ ಜೈಲಿಗೆ ಕಳಿಸಿದರು. ಊರಲ್ಲಿ ಮನೆ ಕೆಡವಿದರು, ಕಾಳಿಗೆ ಗಾಜಿನ ಚೂರು ಬೆರೆಸಿದರು, ಬಾವಿ ಕೆಡಿಸಿದರು. ಇಷ್ಟು ಕೆಲಸಕ್ಕೆ ಯಾವ ಟೆಂಡರೂ ಕರೆಯಲಿಲ್ಲ, ಯಾವ ಕಡತವೂ ತಡವಾಗಲಿಲ್ಲ.

ದೂರು ಕೊಡುವುದು ಮಾತ್ರ ತಡವಾಯಿತು.

ಅತ್ಯಾಚಾರದ ಕೇಸಿನ ಅಪೀಲುಗಳಲ್ಲಿ ಈ ‘ತಡ’ ಬಲು ಬೆಲೆಬಾಳುವ ವಸ್ತು. ಯಾವುದೇ ಮೆಮೊ ತೆಗೆದು ನೋಡಿ, ಮೊದಲ ಪುಟದಲ್ಲೇ ಸಿಗುತ್ತದೆ: ದೂರು ವಿಳಂಬವಾಗಿದೆ, ವಿಳಂಬಕ್ಕೆ ಸಮರ್ಪಕ ಕಾರಣವಿಲ್ಲ, ಆದಕಾರಣ ಕಟ್ಟುಕತೆ. ವಾಚಾತಿಯ ಹೆಂಗಸರು ಠಾಣೆಗೆ ಹೋಗಿ ಸಕಾಲದಲ್ಲಿ ದೂರು ಬರೆಸಬೇಕಿತ್ತು. ಯಾವ ಠಾಣೆಗೆ? ಠಾಣೆಯೇ ಲಾರಿ ಹತ್ತಿ ಅವರ ಮನೆಗೆ ಬಂದಿತ್ತಲ್ಲ! ಠಾಣೆ ಬೇಡ, ತಹಸೀಲ್ದಾರರ ಕಚೇರಿಗೆ ಹೋಗಬಹುದಿತ್ತು. ಆ ಇಲಾಖೆಯೂ ಬಂದಿತ್ತು. ಮೇಲಾಗಿ ಅವರೇ ಆಗ ಗಂಧದ ಕಳ್ಳಿಯರಾಗಿ ಜೈಲಿನಲ್ಲಿದ್ದರು. ಇಷ್ಟು ಸಣ್ಣಪುಟ್ಟ ಅನಾನುಕೂಲಕ್ಕೆಲ್ಲ ಕಾನೂನು ಕಾಯುತ್ತದೆಯೇ?

ಮೊದಲು ಆಳುವವರು ‘ಅಂಥದ್ದೇನೂ ನಡೆದೇ ಇಲ್ಲ’ ಅಂದರು. ಬುಡಕಟ್ಟು ಜನರ ಸಂಘ ಬಿಡಲಿಲ್ಲ. ಮಾರ್ಕ್ಸ್‌ವಾದಿ ಪಕ್ಷದ ಎ. ನಲ್ಲಶಿವನ್ ಸುಪ್ರೀಂ ಕೋರ್ಟಿನವರೆಗೆ ಹೋದರು. ಪರಿಶಿಷ್ಟ ಜಾತಿ, ಪಂಗಡಗಳ ಆಯೋಗದ ಅಧಿಕಾರಿಣಿ ಭಾಮತಿ ಊರಿಗೇ ಹೋಗಿ ನೋಡಿ ವರದಿ ಬರೆದರು. ಸಿಬಿಐ ಕೈಗೆ ತನಿಖೆ ಬಂದದ್ದು 1995ರಲ್ಲಿ. ಧರ್ಮಪುರಿಯ ಸೆಷನ್ಸ್ ಕೋರ್ಟು ತೀರ್ಪು ಕೊಟ್ಟದ್ದು 2011ರ ಸೆಪ್ಟೆಂಬರ್ 29ಕ್ಕೆ. ಅಷ್ಟರಲ್ಲಿ 269ರಲ್ಲಿ 54 ಮಂದಿ ಈ ಕೋರ್ಟು ಬೇಡವೆಂದು ಮೇಲಿನ ಕೋರ್ಟಿಗೆ, ಅಂದರೆ ವಕೀಲರಿಲ್ಲದ ಕೋರ್ಟಿಗೆ, ಹೋಗಿಬಿಟ್ಟಿದ್ದರು. ಉಳಿದ 215 ಮಂದಿಯೂ ಅಪರಾಧಿಗಳು. ಒಬ್ಬನೂ ಖುಲಾಸೆಯಿಲ್ಲ. ಅತ್ಯಾಚಾರಕ್ಕೆ 17 ಜನರಿಗೆ ಶಿಕ್ಷೆ: 12 ಮಂದಿಗೆ ಹತ್ತು ವರ್ಷ, 5 ಮಂದಿಗೆ ಏಳು. ನಾಲ್ವರು ಐಎಫ್‌ಎಸ್ ಅಧಿಕಾರಿಗಳೂ ಪಟ್ಟಿಯಲ್ಲಿದ್ದರು. ಪತ್ರಿಕೆಗಳು ‘ಐತಿಹಾಸಿಕ ತೀರ್ಪು’ ಎಂದು ಬರೆದವು. ಹತ್ತೊಂಬತ್ತು ವರ್ಷ ಹಳತಾದದ್ದು ಐತಿಹಾಸಿಕವಾಗದೆ ಇನ್ನೇನಾಗುತ್ತದೆ?

ಆಮೇಲೆ ಶುರುವಾಯಿತು ನೋಡಿ ಅಪೀಲು.

ಹೊಸೂರಿನ ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆಯುವ ತಾತ ಒಬ್ಬರಿದ್ದಾರೆ. ಮಡಚುವ ಮೇಜು, ಅಂಚು ಹರಿದ ಕಾರ್ಬನ್ ಹಾಳೆ, ಕಿವಿಯ ಸಂದಿಗೆ ಸಿಕ್ಕಿಸಿದ ಪೆನ್ನು. ಕಷ್ಟ ಕೇಳುವುದು ಕನ್ನಡದಲ್ಲಿ, ಬೈಯುವುದು ತೆಲುಗಿನಲ್ಲಿ, ಬರೆಯುವುದು ತಮಿಳಿನಲ್ಲಿ. ಅಪೀಲಿನ ತತ್ತ್ವವನ್ನು ನನಗೆ ಉಪದೇಶ ಮಾಡಿದವರು ಅವರೇ.

“ಗೆಲ್ಲೋದಕ್ಕೆ ಅಪೀಲು ಹಾಕ್ತಾರೆ ಅಂತ ಯಾರ್ ಹೇಳಿದ್ದು ಸ್ವಾಮಿ ನಿಮಗೆ?” ಅಂದರು. “ಗೆಲ್ಲೋದು ಸೋಲೋದು ದೇವರಿಗೆ ಬಿಟ್ಟಿದ್ದು. ಅಪೀಲು ನಡೀತಾ ಇರಬೇಕು. ನಡೀತಾ ಇದ್ದರೆ ಶಿಕ್ಷೆ ಅಮಾನತ್ತು. ಅಮಾನತ್ತು ಅಂದರೆ ಮನೆ ಊಟ.”

“ಮತ್ತೆ ಅಪರಾಧಿ ಅಂತ ತೀರ್ಪಾಗಿದೆಯಲ್ಲ ತಾತ, ಊರವರ ಮುಂದೆ ಓಡಾಡೋದು ಹೇಗೆ?”

“ಯಾರಾದರೂ ಕೇಳಿದರೆ ಅಪೀಲಲ್ಲಿದೆ ಅಂದರಾಯ್ತು. ಮೇಲಿನ ಕೋರ್ಟಲ್ಲಿದೆ, ಮಾತಾಡೋ ಹಾಗಿಲ್ಲ. ಹೆಣ್ಣು ಕೇಳೋಕೆ ಹೋದರೂ ಅದೇ ಮಾತು ನಡೆಯುತ್ತೆ. ನೀವು ಯಾವ ಕಡೆಯವರು ಈಗ? ನಿಮ್ಮ ಅರ್ಜಿ ಏನು? ಇಲ್ಲಾಂದರೆ ಆಚೆ ನಿಲ್ಲಿ, ಹಿಂದೆ ಜನ ಇದ್ದಾರೆ.”

ತಾತನ ಕಾನೂನು ಜ್ಞಾನ ತಪ್ಪಲ್ಲ. ಶಿಕ್ಷೆ ಮೂರು ವರ್ಷ ಮೀರದಿದ್ದರೆ, ಅಪೀಲು ಹಾಕುತ್ತೇನೆ ಅಂದವನಿಗೆ ಶಿಕ್ಷೆ ಕೊಟ್ಟ ಕೋರ್ಟೇ ಜಾಮೀನು ಕೊಡುತ್ತದೆ. ಅದಕ್ಕೂ ಮೇಲಾದರೆ ಹೈಕೋರ್ಟಿದೆ. ಇನ್ನೊಂದು ಕಲಮಿನ ಸೊಗಸು ಕೇಳಿ: ಅಪೀಲುದಾರ ತೀರಿಕೊಂಡರೆ, ದಂಡದ ಹಣದ ಮಾತು ಬಿಟ್ಟು, ಅಪೀಲೂ ಅವನ ಜೊತೆ ತೀರಿಕೊಳ್ಳುತ್ತದೆ, ಮನೆಯವರು ಬೇಕಾದರೆ ಅನುಮತಿ ಪಡೆದು ಮುಂದುವರಿಸಬಹುದು. ದೂರು ಕೊಟ್ಟ ಹೆಂಗಸು ತೀರಿಕೊಂಡರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಪಟ್ಟಿಯಲ್ಲಿ ಒಬ್ಬ ಸಾಕ್ಷಿ ಕಡಿಮೆ, ಅಷ್ಟೆ.

ಅಪೀಲೇ ಬೇಡ ಅನ್ನುವ ಪೈಕಿ ನಾನಲ್ಲ. ಕೆಳಗಿನ ಕೋರ್ಟುಗಳು ತಪ್ಪುತ್ತವೆ, ಅಮಾಯಕರು ಜೈಲಿಗೆ ಹೋಗುತ್ತಾರೆ. ಮೇಲೊಂದು ಬಾಗಿಲು ಇರಲೇಬೇಕು. ಮೇಲಿನ ಬಾಗಿಲುಗಳೂ ತಪ್ಪುತ್ತವೆ ಅನ್ನುವುದು ಬೇರೆ ಮಾತು. 1972ರಲ್ಲಿ ಮಹಾರಾಷ್ಟ್ರದ ಠಾಣೆಯೊಂದರೊಳಗೆ ಬುಡಕಟ್ಟಿನ ಹುಡುಗಿಯ ಮೇಲೆ ನಡೆದ ಅತ್ಯಾಚಾರಕ್ಕೆ ಇಬ್ಬರು ಪೊಲೀಸರಿಗೆ ಹೈಕೋರ್ಟು ಶಿಕ್ಷೆ ಕೊಟ್ಟಿತು. ಅವರು ಅಪೀಲು ಹೋದರು. 1978ರಲ್ಲಿ ಸುಪ್ರೀಂ ಕೋರ್ಟು, ಹುಡುಗಿಯ ಮೈಮೇಲೆ ಗಾಯವಿಲ್ಲ, ಕೂಗಾಡಿದ ಗುರುತಿಲ್ಲ ಎಂದು ಇಬ್ಬರನ್ನೂ ಬಿಟ್ಟಿತು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಸೇರಿ ನಾಲ್ವರು ಕಾನೂನು ಮೇಷ್ಟ್ರುಗಳು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದು, ದೇಶವೆಲ್ಲ ಗದ್ದಲವೆದ್ದು, 1983ರಲ್ಲಿ ಕಾನೂನು ಬದಲಾಯಿತು. ಖಾಕಿಯವರ ಸುಪರ್ದಿನಲ್ಲಿದ್ದ ಹೆಂಗಸು ತಾನು ಒಪ್ಪಿರಲಿಲ್ಲ ಅಂದರೆ ಕೋರ್ಟು ಅದನ್ನೇ ಹಿಡಿಯಬೇಕು ಅಂತಾಯಿತು. ವಾಚಾತಿಗೆ ಲಾರಿಗಳು ಹೊರಟಾಗ ಈ ಕಾನೂನಿಗೆ ಎಂಟು ವರ್ಷ ತುಂಬಿತ್ತು. ಲಾರಿ ಹತ್ತಿದವರಿಗೆ ಯಾರೂ ಓದಿ ಹೇಳಿರಲಿಲ್ಲವೋ ಏನೋ.

ನಮ್ಮ ಕನ್ನಡದ ಕಡೆ ಇಷ್ಟೆಲ್ಲ ತಾಪತ್ರಯವೇ ಇಲ್ಲ. ವೀರಪ್ಪನ್ ಬೇಟೆಯ ಕಾಲದಲ್ಲಿ ಎರಡೂ ರಾಜ್ಯಗಳ ಕಾರ್ಯಪಡೆಗಳು ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಸೋಲಿಗರಿಗೂ ಇತರ ಹಳ್ಳಿಯವರಿಗೂ ಏನೇನು ಮಾಡಿದವು ಎಂದು ತಿಳಿಯಲು ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ನೇಮಿಸಿತು. ಹೆಂಗಸರು ಸಮಿತಿಯ ಮುಂದೆ ಬಂದು ಹೇಳಿಕೊಂಡರು. ವರದಿ ಬಂತು, 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಎಂದಾಯಿತು. ಅಲ್ಲಿಗೆ ಮುಗಿಯಿತು. ಅಪೀಲು ಹನ್ನೆರಡು ವರ್ಷ ಎಳೆಯಬೇಕಾದರೆ ಮೊದಲು ಯಾರಿಗಾದರೂ ಶಿಕ್ಷೆಯಾಗಬೇಕಲ್ಲ! ಈ ದೃಷ್ಟಿಯಿಂದ ವಾಚಾತಿಯವರು ಅದೃಷ್ಟವಂತರು ಅನ್ನಬೇಕು, ಅನ್ನುವಾಗ ನಾಲಿಗೆ ಕಹಿಯಾದರೂ.

ಹನ್ನೆರಡು ವರ್ಷ ಅಂದದ್ದು ಬಾಯಿಮಾತಿಗಲ್ಲ. ಸೆಷನ್ಸ್ ತೀರ್ಪು 2011ರ ಸೆಪ್ಟೆಂಬರ್ 29. ಅಪೀಲುಗಳನ್ನೆಲ್ಲ ವಜಾ ಮಾಡಿದ ಹೈಕೋರ್ಟಿನ ತೀರ್ಪು 2023ರ ಸೆಪ್ಟೆಂಬರ್ 29. ದಿನ ಸಹಿತ ತಪ್ಪಿಲ್ಲ. ಶ್ರವಣಬೆಳಗೊಳದ ಗೊಮ್ಮಟನ ಮಸ್ತಕಾಭಿಷೇಕಕ್ಕೂ ಇಷ್ಟು ಕರಾರುವಾಕ್ಕಾಗಿ ಮುಹೂರ್ತ ಕೂಡಿಬರುವುದಿಲ್ಲ. ನಡುವೆ ಆ ‘ಆರು ತಿಂಗಳಲ್ಲಿ ಇತ್ಯರ್ಥವಾಗತಕ್ಕದ್ದು’ ಬಂದು, ಅದಕ್ಕೇ ಐದು ವರ್ಷ ತುಂಬಿತ್ತು.

ನ್ಯಾಯಮೂರ್ತಿ ಪಿ. ವೇಲ್ಮುರುಗನ್ ಅವರ ಬಗ್ಗೆ ಹೇಳಲೇಬೇಕು. ಇಲ್ಲಿ ವ್ಯಂಗ್ಯಕ್ಕೆ ರಜೆ. ಅವರು ಕಡತ ಓದಿ ಸುಮ್ಮನಾಗಲಿಲ್ಲ. 2023ರ ಮಾರ್ಚ್ 4ರಂದು ಖುದ್ದು ವಾಚಾತಿಗೆ ಹೋಗಿ ಜಾಗ ನೋಡಿದರು, ಊರವರ ಮಾತು ಕೇಳಿದರು. ಗಂಧದ ದೊಡ್ಡ ಕುಳಗಳನ್ನು ಕಾಪಾಡಲು ಬಡವರ ಮೇಲೆ ಆಡಿದ ನಾಟಕ ಇದು, ಅಧಿಕಾರಿಗಳಿಗೆ ನಿಜವಾದ ಕಳ್ಳರು ಯಾರೆಂದು ಗೊತ್ತಿತ್ತು ಎಂದು ತೀರ್ಪಿನಲ್ಲಿ ಬಿಡಿಸಿ ಬರೆದರು. ಚೆನ್ನೈಯಿಂದ ವಾಚಾತಿಗೆ ಹೆಚ್ಚೆಂದರೆ ಒಂದು ಹಗಲಿನ ದಾರಿ. ಆ ಒಂದು ಹಗಲು ಕೂಡಿಬರಲು ಅಪೀಲಿಗೆ ಹನ್ನೊಂದು ವರ್ಷ ಮೀರಿ ಹಿಡಿಯಿತು. ರಜೆ ಮುಗಿಯಿತು.

ತೀರ್ಪಿನಂತೆ 18 ಮಂದಿಗೆ ತಲಾ 10 ಲಕ್ಷ ರೂಪಾಯಿ. ಅದರಲ್ಲಿ ಅರ್ಧ ಅತ್ಯಾಚಾರಿಗಳಿಂದಲೇ ವಸೂಲಾಗಬೇಕು. ಬದುಕಿಲ್ಲದವರ ಪಾಲು ಅವರ ಮನೆಯವರಿಗೆ. ಹತ್ತು ಲಕ್ಷ ಅಂದರೆ ಕೇಳಲು ದೊಡ್ಡ ಗಂಟೇ. ಲೆಕ್ಕ ನನ್ನ ಚಟ, ಆದ್ದರಿಂದ ಹಾಕಿ ನೋಡಿದೆ: 1992ರ ಜೂನ್ 20ರಿಂದ 2023ರ ಸೆಪ್ಟೆಂಬರ್ 29ಕ್ಕೆ 11,423 ದಿನ. ದಿನವೊಂದಕ್ಕೆ 87 ರೂಪಾಯಿ ಚಿಲ್ಲರೆ. ನಮ್ಮ ಬಾಗಲೂರಿನ ಗುಲಾಬಿ ತೋಟದಲ್ಲಿ ಮೊಗ್ಗು ಕೀಳುವ ಹೆಂಗಸು ಈ ಕೂಲಿ ಕೇಳಿದರೆ ಬುಟ್ಟಿ ಅಲ್ಲೇ ಇಟ್ಟು ಮನೆಗೆ ಹೋಗುತ್ತಾಳೆ.

ಇನ್ನೊಂದು ಆದೇಶವೂ ಇತ್ತು: ಆಗಿನ ಕಲೆಕ್ಟರು, ಎಸ್ಪಿ, ಜಿಲ್ಲಾ ಅರಣ್ಯಾಧಿಕಾರಿ, ಈ ಮೂವರ ಮೇಲೂ ಸರ್ಕಾರ ಕ್ರಮ ಕೈಗೊಳ್ಳಬೇಕು. ಮೂವತ್ತೊಂದು ವರ್ಷದ ಹಿಂದಿನ ಕಲೆಕ್ಟರರ ಮೇಲೆ ಕ್ರಮ ಅಂದರೆ ಏನು ಮಾಡುವುದು? ವರ್ಗ ಮಾಡೋಣವೆಂದರೆ ಹುದ್ದೆಯಿಲ್ಲ. ಅಮಾನತ್ತು ಮಾಡೋಣವೆಂದರೆ ಅದಕ್ಕೂ ಹುದ್ದೆ ಬೇಕು. ಇನ್ಕ್ರಿಮೆಂಟ್ ತಡೆಯೋಣವೆಂದರೆ ಕೊನೆಯ ಇನ್ಕ್ರಿಮೆಂಟು ಯಾವ ಕಾಲದಲ್ಲೋ ಜೀರ್ಣವಾಗಿದೆ. ಸೆಷನ್ಸ್ ಕೋರ್ಟಿಗಂತೂ ಹೈಕೋರ್ಟು, ಜಾಮೀನಿನ ಮೇಲಿರುವವರನ್ನೆಲ್ಲ ಕೂಡಲೇ ಹಿಡಿದು ತಂದು ಉಳಿದ ಶಿಕ್ಷೆ ಅನುಭವಿಸುವಂತೆ ನೋಡಿಕೊಳ್ಳಿ ಎಂದು ಹೇಳಿತು. ಕೂಡಲೇ! ಈ ಕಡತದಲ್ಲಿ ಆ ಪದಕ್ಕೆ ಕೂರಲು ಜಾಗವೇ ಸಿಕ್ಕಿರಲಿಲ್ಲ.

ಇಷ್ಟು ವರ್ಷದ ಮೇಲೆ ಇವರನ್ನೆಲ್ಲ ಎಲ್ಲಿ ಅಂತ ಹುಡುಕುವುದು ಎಂದು ತಾತನನ್ನೇ ಕೇಳಿದೆ. ಅವರು ಕಾರ್ಬನ್ ಹಾಳೆ ಮಗುಚಿ ಹಾಕುತ್ತಾ, “ಹುಡುಕೋದು ಯಾಕೆ ಸ್ವಾಮಿ? ಪೆನ್ಷನ್ ತಗೊಳ್ಳೋರು ವರ್ಷಕ್ಕೊಂದು ಸಲ ಬದುಕಿದೀನಿ ಅಂತ ಸರ್ಟಿಫಿಕೇಟು ಕೊಡಬೇಕಲ್ಲ, ಅಲ್ಲೇ ಕೌಂಟರಲ್ಲಿ ಕಾದು ಕೂತರೆ ತಾವಾಗೇ ಬರ್ತಾರೆ. ಆ ಅರ್ಜೀನೂ ನಾನೇ ಬರೆದುಕೊಡ್ತೀನಿ, ಮೂವತ್ತು ರೂಪಾಯಿ” ಅಂದರು.