ಗುರುಗ್ರಹದಲ್ಲೂ ಅದೇ ಒಂದು ಕಿಲೋ

ಕಿರಾಣಿ ಅಂಗಡಿಯೊಂದರ ಅಟ್ಟದಲ್ಲಿ ನಿವೃತ್ತಿ ಕಳೆಯುತ್ತಿರುವ ಹಿತ್ತಾಳೆ ತಕ್ಕಡಿಯವರೊಂದಿಗೆ ಮಾತುಕತೆ. ದಂಡಕ್ಕೆ ಕಿಲುಬು ಹಿಡಿದಿದೆ, ನಾಲಿಗೆ ಮಾತ್ರ ನೆಟ್ಟಗಿದೆ.

ಪ್ರಶ್ನೆ: ಗ್ರಹದಿಂದ ಗ್ರಹಕ್ಕೆ ತೂಕ ಬದಲಾಗುತ್ತದಂತೆ?

ತಕ್ಕಡಿ: ಅದನ್ನ ಆ ಸ್ಪ್ರಿಂಗ್ ತಕ್ಕಡೀನ ಕೇಳಿ. ಇಲ್ಲಿ ಒಂದು ಕಿಲೋ ಅಂದ ಬೆಲ್ಲಕ್ಕೇ ಚಂದ್ರನಲ್ಲಿ 165 ಗ್ರಾಂ ಅಂತಾನೆ, ಮಂಗಳದಲ್ಲಿ 380, ಗುರುಗ್ರಹದಲ್ಲಿ ಎರಡೂವರೆ ಕಿಲೋ! ಊರಿಗೊಂದು ಮಾತು.

ಪ್ರಶ್ನೆ: ಅವರ ತಪ್ಪೇನು? ಗುರುತ್ವ ಎಳೆದಷ್ಟು ಸ್ಪ್ರಿಂಗ್ ಜಗ್ಗುತ್ತೆ.

ತಕ್ಕಡಿ: ಜಗ್ಗಲಿ. ಬೆಲ್ಲ ಒಂದು ಚೂರೂ ಸವೆದಿಲ್ಲವಲ್ಲ? ನನ್ನ ಒಂದು ತಟ್ಟೇಲಿ ಬೆಲ್ಲ, ಇನ್ನೊಂದರಲ್ಲಿ ಬಟ್ಟು. ಚಂದ್ರ ಎರಡನ್ನೂ ಮೆಲ್ಲಗೆ ಎಳೀತಾನೆ, ಗುರು ಎರಡನ್ನೂ ಜೋರಾಗಿ. ಮುಳ್ಳು ನಡುವೇನೇ ನಿಲ್ಲುತ್ತೆ. ನಾನು ಹೋಲಿಸೋದು ದ್ರವ್ಯರಾಶೀನ, ಸ್ವಾಮಿ.

ಪ್ರಶ್ನೆ: ಗುರುವಿನ ದ್ರವ್ಯರಾಶಿ ಭೂಮಿಯ 318 ಪಟ್ಟು. ತೂಕ ಎರಡೂವರೆ ಪಟ್ಟೇ ಏಕೆ?

ತಕ್ಕಡಿ: ಮೈ ಹಾಗೆ ಊದಿಕೊಂಡಿದೆ. ತ್ರಿಜ್ಯ 11 ಪಟ್ಟು. ಕೇಂದ್ರದಿಂದ ಅಷ್ಟು ದೂರಕ್ಕೆ ಸೆಳೆತ 121 ಪಟ್ಟು ಕುಗ್ಗುತ್ತೆ. ಭಾಗಾಕಾರ ಮಾಡಿ, ಹೆಚ್ಚುಕಡಿಮೆ ಅಷ್ಟೇ ಬರುತ್ತೆ. ಶನಿಯದ್ದು ಇನ್ನೂ ಚೆಂದ. ಊರೆಲ್ಲ ಹೆದರಿ ಎಳ್ಳೆಣ್ಣೆ ದೀಪ ಹಚ್ಚುತ್ತೆ, ದ್ರವ್ಯರಾಶಿಯೂ 95 ಪಟ್ಟು, ಆದರೆ ಅವನ ಮೋಡಗಳ ಮೇಲ್ಭಾಗದಲ್ಲಿ ಸೆಳೆತ ಸುಮಾರಾಗಿ ನಮ್ಮ ಭೂಮಿಯಷ್ಟೇ. ನಿಲ್ಲೋಕೆ ಅಲ್ಲಿ ನೆಲವೇ ಇಲ್ಲ, ಅದು ಬೇರೆ ಮಾತು.

ಪ್ರಶ್ನೆ: ಭೂಮಿಯ ಮೇಲಾದರೂ ಸ್ಪ್ರಿಂಗಿನವರು ಒಂದೇ ಮಾತಿನವರೇ?

ತಕ್ಕಡಿ: ಎಲ್ಲಿ ಬಂತು! ಸಮಭಾಜಕದಿಂದ ಧ್ರುವಕ್ಕೆ ಕರೆದೊಯ್ಯಿರಿ, ಕಿಲೋಗೆ ಐದು ಗ್ರಾಂ ಜಾಸ್ತಿ ಹೇಳ್ತಾನೆ. ಚಿನ್ನದಂಗಡಿಯ ಆ ಕೆಂಪು ಅಂಕಿಯ ಯಂತ್ರಕ್ಕೂ ಊರು ಬದಲಾದರೆ ಹೊಸದಾಗಿ ಪಾಠ ಹೇಳಬೇಕು. ಹೇಳೋರು ಯಾರು? ನಮ್ಮ ಬಟ್ಟು. ಕೆಲಸ ಮುಗಿದ ಮೇಲೆ ಮತ್ತೆ ಡಬ್ಬಿಗೆ.

ಪ್ರಶ್ನೆ: ಬಾಹ್ಯಾಕಾಶ ನಿಲ್ದಾಣದಲ್ಲಿ ಅಂಗಡಿ ಇಟ್ಟರೆ?

ತಕ್ಕಡಿ: ಆ ವ್ಯಾಪಾರ ನನಗೆ ಬೇಡ. 400 ಕಿ.ಮೀ. ಎತ್ತರದಲ್ಲಿ ಭೂಮಿಯ ಸೆಳೆತ ನೂರಕ್ಕೆ ತೊಂಬತ್ತರ ಹತ್ತಿರ ಇದ್ದೇ ಇದೆ. ಆದರೆ ಬೆಲ್ಲ, ಬಟ್ಟು, ನಾನು, ಗಿರಾಕಿ ಎಲ್ಲರೂ ಒಟ್ಟಿಗೇ ಬೀಳ್ತಾ ಇರ್ತೀವಿ. ಯಾವ ತಟ್ಟೆ ಯಾಕೆ ಕೆಳಗಿಳೀಬೇಕು?

ಪ್ರಶ್ನೆ: ಅಂದರೆ ಉಳಿದ ಗ್ರಹಗಳಲ್ಲಿ ನಿಮ್ಮಿಂದ ಗಿರಾಕಿಗೆ ಮೋಸವಿಲ್ಲ?

ತಕ್ಕಡಿ: (ಕೊಂಚ ಅಲುಗಾಡಿ) ಸರಕಿನ ತಟ್ಟೆಯ ಅಡಿಗೆ ಯಜಮಾನರು ಇಪ್ಪತ್ತು ಗ್ರಾಂ ಹುಣಸೆಹಣ್ಣು ಮೆತ್ತಿದ್ದರು. ಲೆಕ್ಕ ಹಾಕಿ ನೋಡಿದೆ. ಚಂದ್ರನಲ್ಲೂ ಗಿರಾಕಿಗೆ ಖೋತಾ ಇಪ್ಪತ್ತೇ ಗ್ರಾಂ, ಗುರುವಿನಲ್ಲೂ ಇಪ್ಪತ್ತೇ.