ಮುಗಿಸಿದ ಮಾಸ್ತರು

ಓದುವವರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಏನಿದ್ದರೂ ಓದಿ ಮುಗಿಸಿದವರದು. ಪುಸ್ತಕ ಕೈಯಲ್ಲಿರುವ ತನಕ ಈ ಜಾತಿಯ ಮನುಷ್ಯ ಬಸ್ಸಿನ ಕಿಟಕಿಯ ಪಕ್ಕದಲ್ಲೋ ಮನೆಯ ಕಟ್ಟೆಯ ಮೇಲೋ ತನ್ನ ಪಾಡಿಗೆ ತಾನಿರುತ್ತಾನೆ. ಕೊನೆಯ ಪುಟ ಮಗುಚಿದನೋ, ಯಾರಾದರೂ ಸಿಗುತ್ತಾರಾ ಎಂದು ಊರೊಳಗೆ ಹೊರಡುತ್ತಾನೆ. ನಾರಾಯಣಪೇಟೆಯಲ್ಲೂ ಗದ್ವಾಲದಲ್ಲೂ ಇಂಥವರಿದ್ದಾರೆಂದು ಕೇಳಿಬಲ್ಲೆ. ಮಕ್ತಲದ ಪಾಲಿಗೆ ಬಂದವರು ನಮ್ಮ ಮಾಸ್ತರು. ಅವರು ಹೊರಡುವುದು ನೆಟ್ಟಗೆ ನನ್ನ ಸೀರೆ ಅಂಗಡಿಗೆ. ಅಂಗಡಿಕಾರ ಗಲ್ಲಾಪೆಟ್ಟಿಗೆ ಬಿಟ್ಟು ಓಡುವಂತಿಲ್ಲವಲ್ಲ!

ಮಾಸ್ತರು ಕೃಷ್ಣಾ ಮಂಡಲದ ಕನ್ನಡ ಶಾಲೆಯೊಂದರಲ್ಲಿ ಕಲಿಸಿ ನಿವೃತ್ತರಾದವರು. ತೆಲಂಗಾಣದಲ್ಲಿ ಕನ್ನಡ ಶಾಲೆಯೇ ಎಂದು ಬೆಂಗಳೂರಿನ ಬೀಗರು ಹುಬ್ಬೇರಿಸುತ್ತಾರೆ. ಹೊಳೆಯ ಆಚೆಗೆ ರಾಯಚೂರು, ಈಚೆಗೆ ನಾವು; ಹೊಳೆಗೆ ಇದ್ಯಾವುದೂ ಗೊತ್ತಿಲ್ಲ. ಪೆನ್ಷನ್ ಕೈಗೆ ಬಂದ ಮರುದಿನ ಮಾಸ್ತರು ಸೇತುವೆ ದಾಟಿ ರಾಯಚೂರಿಗೆ ಹೋಗಿ ಪುಸ್ತಕ ತರುತ್ತಾರೆ. ಹಳೆ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ದೇವರ ಚಿತ್ರ ಒಳಗೆ ಬರುವಂತೆ ರಟ್ಟಿಗೆ ಹೊದಿಸುತ್ತಾರೆ. ಓದಿ ಮುಗಿದ ಮೇಲೆ ಕೊನೆಯ ಪುಟದಲ್ಲಿ ಕೆಂಪು ಪೆನ್ನಿನಿಂದ ತಾರೀಖು, ಅದರ ಕೆಳಗೆ ಷರಾ. 'ಪರವಾಗಿಲ್ಲ.' 'ಅವಸರ ಮಾಡಿದ್ದಾರೆ.' ಜ್ಞಾನಪೀಠ ಪಡೆದವರೊಬ್ಬರ ಕಾದಂಬರಿಗೆ 'ಮುಂದಿನ ತರಗತಿಗೆ ತೇರ್ಗಡೆ' ಎಂದು ಬರೆದು ಸಹಿ ಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಓದಿದ್ದು ಅವರ ಮೈಮೇಲೆ ಬರುತ್ತದೆ, ಅದೂ ಒಂದು ಕಷ್ಟ. 'ಕರ್ವಾಲೊ' ಮುಗಿಸಿದ ವಾರ ಹೊಳೆದಂಡೆಯ ಬಂಡೆಗಳ ನಡುವೆ ಹಾರುವ ಓತಿ ಹುಡುಕಿದರು. 'ಕುಸುಮಬಾಲೆ' ಓದಿ ನಂಜನಗೂಡಿನ ಕನ್ನಡದಲ್ಲಿ ತರಕಾರಿ ಚೌಕಾಸಿ ಮಾಡಿದರು. ತೆಲುಗು, ಉರ್ದು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ನಮ್ಮ ತರಕಾರಿಯವಳು ಗಾಬರಿಯಾಗಿ ಎರಡು ಬದನೆಕಾಯಿ ಹೆಚ್ಚಿಗೆ ಹಾಕಿದಳು. 'ಪರ್ವ' ಮುಗಿದಾಗಲಂತೂ ಪಡಮಟಿ ಆಂಜನೇಯನ ಗುಡಿಯಲ್ಲೇ, ಭೀಮ ವಾಯುದೇವರ ಮಗನಲ್ಲ, ಮನುಷ್ಯನ ಮಗ ಎಂದು ವಾದಕ್ಕೆ ನಿಂತರು. ತಮ್ಮನ ಹುಟ್ಟನ್ನು ಅಣ್ಣನ ಗುಡಿಯಲ್ಲೇ ಅನುಮಾನಿಸಿದ್ದು! 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಇಡೀ ಓಣಿಗೆ ಪೇಢೆ ಹಂಚಿ, ತಿಂದವರನ್ನೆಲ್ಲ ಕೂರಿಸಿ ಕತೆ ಹೇಳಿದರು. ಅದೇ ವರ್ಷ ಹತ್ತಿರದ ಮುಡುಮಾಲದ ನಿಲುಗಲ್ಲುಗಳೂ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದವು. ಸಾವಿರಾರು ವರ್ಷದಿಂದ ಹಾಗೇ ನಿಂತಿವೆ. ಆ ಕಾಲದ ಯಾವುದೋ ಮಾಸ್ತರರ ಎದುರು ಸಿಕ್ಕಿಬಿದ್ದವರೇ ಇರಬೇಕೆಂದು ನನ್ನ ಗುಮಾನಿ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಹೋದ ಮಾಘಮಾಸದಲ್ಲಿ ನಡೆದದ್ದು. ಹಳ್ಳಿಯಿಂದ ಒಂದು ಮನೆಯವರು ಮದುವೆ ಜವಳಿಗೆ ಬಂದಿದ್ದರು: ಅತ್ತೆ, ಸೊಸೆ, ಸೋದರತ್ತೆ, ಜೊತೆಗೆ ದುಡ್ಡು ಕೊಡಬೇಕಾದ ಗಂಡಸು. ನಾರಾಯಣಪೇಟೆಯ ಚೌಕಳಿ ಸೀರೆಗಳನ್ನೆಲ್ಲ ಬಿಚ್ಚಿಸಿ ಗುಡ್ಡೆ ಹಾಕಿಸಿದ ಮೇಲೆ ಗದ್ವಾಲದ್ದೊಂದರ ಮೇಲೆ ಅತ್ತೆಯ ಕೈ ನಿಂತಿತು. ಗದ್ವಾಲ ಸೀರೆಗೆ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಜೋಡಣೆಯ ಮೇಲೇ ಸೀರೆಯ ಮಾನ ನಿಂತಿದೆ. ನಾನು ಅದನ್ನೇ ಬೆಳಕಿಗೆ ಹಿಡಿದು ತೋರಿಸುತ್ತಿದ್ದೆ. ಮಾಸ್ತರು ಬಂದು ಬೆಂಚಿನ ಮೇಲೆ ಕೂತರು. ಯಾರ ಮುಖವನ್ನೂ ನೋಡದೆ ದೊಡ್ಡದೊಂದು ಉಸಿರು ಬಿಟ್ಟರು.

"ಒಡಲು ಛಲೋ ಅದ್ರಿ. ಸೆರಗೂ ಝಗಮಗ ಅಂತದ. ಖರೆ, ಜೋಡಣಿನೇ ಕಚ್ಚಿಲ್ಲ. ಇನ್ನೊಂದು ಸಲ ಕೈಯಾಗ ಹಿಡಿದ್ರ ಬಿಚ್ಚಿಹೋಗ್ತದ."

ಅತ್ತೆಯ ಕೈ ಸರಕ್ಕನೆ ಹಿಂದಕ್ಕೆ ಹೋಯಿತು. "ಅವರು ಪುಸ್ತಕದ ಮಾತು ಆಡ್ತಿದಾರಮ್ಮಾ" ಎಂದೆ. "ಪುಸ್ತಕಕ್ಕ ಸೆರಗಿರ್ತದೇನ್ರಿ?" ಎಂದ ಗಂಡಸು. ಮಾಸ್ತರು ಅವನಿಗೆ ಇರುತ್ತದೆಂದು ವಿವರಿಸಲು ಶುರುಮಾಡಿದರು. ಆ ಮನೆಯವರು ಗದ್ವಾಲಕ್ಕೇ ಹೋಗಿ ಜವಳಿ ತೆಗೆದರಂತೆ. ನಾನು ಸಂಜೆಯವರೆಗೆ ಸೀರೆ ಮಡಚುತ್ತ ಕಾದಂಬರಿಯ ಕೊನೆಯ ಮೂರು ಅಧ್ಯಾಯ ಕೇಳಿದೆ. ಅದು ಯಾವ ಕಾದಂಬರಿಯೆಂದು ಹೇಳುವುದಿಲ್ಲ. ಬರೆದವರು ಇನ್ನೂ ಬದುಕಿದ್ದಾರೆ.

ಗದ್ವಾಲ ಸೀಮೆಯ ಉತ್ತನೂರಿನಲ್ಲಿ ನೆಲೆಸಿದ್ದ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷವನ್ನು ಜಗನ್ನಾಥದಾಸರಿಗೆ ದಾನ ಮಾಡಿದರೆಂದು ಪ್ರತೀತಿ. ನಾನು ಮಾಸ್ತರಿಗೆ ಕೊಡುತ್ತಿರುವುದೂ ಆಯುಷ್ಯವೇ, ಕಂತಿನ ಮೇಲೆ. ಅಲ್ಲಿ ಹರಿಕಥಾಮೃತಸಾರ ಹುಟ್ಟಿತು, ಇಲ್ಲಿ ಚಹದ ಉದ್ರಿ ಹುಟ್ಟಿದೆ.

ಆದರೂ ಒಂದು ಸಂಗತಿ ಹೇಳಬೇಕು. ತೆಲಂಗಾಣದಲ್ಲಿ ಕವಿಗಳೇ ಇಲ್ಲವೆಂಬ ಮಾತು ಬಂದಾಗ ಸುರವರಂ ಪ್ರತಾಪರೆಡ್ಡಿಯವರು, ಅವರೂ ಗದ್ವಾಲ ಸೀಮೆಯವರೇ, 354 ಕವಿಗಳನ್ನು ಹುಡುಕಿ ತೆಗೆದು 1934ರಲ್ಲಿ 'ಗೋಲ್ಕೊಂಡ ಕವುಲ ಸಂಚಿಕ' ಅಚ್ಚುಹಾಕಿಸಿದರು. ಇದು ಮಾಸ್ತರ ತಲೆಯಲ್ಲಿ ಕೂತಿತ್ತು. ನಿಮ್ಮ ಕಡೆ ಕನ್ನಡ ಓದುವವರು ಯಾರಿದ್ದಾರೆ ಎಂದು ರಾಯಚೂರಿನಲ್ಲಿ ಯಾರೋ ಅಂದರಂತೆ. ಅವತ್ತೇ ಒಂದು ನೋಟ್‌ಬುಕ್ ಕೊಂಡು ಮೂರೂರಿನ ಓದುಗರ ಪಟ್ಟಿ ಮಾಡತೊಡಗಿದರು. ಗದ್ವಾಲ, ಆಲಂಪುರ 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವಲ್ಲ, ಹಳೆ ಮನೆಗಳಲ್ಲಿ ಸಿಕ್ಕೇ ಸಿಗುತ್ತಾರೆಂದು ಬಸ್ಸು ಹತ್ತಿದರು. ಸಿಕ್ಕವರು ಅಜ್ಜಂದಿರು. ಮೊಮ್ಮಕ್ಕಳದು ತೆಲುಗು, ಇಲ್ಲವೇ ಇಂಗ್ಲಿಷ್. ಒಬ್ಬ ಅಜ್ಜನಿಗೆ ಕಣ್ಣು ಹೋಗಿತ್ತು. ಮಾಸ್ತರು ಮಧ್ಯಾಹ್ನವಿಡೀ ಕೂತು ಅವನಿಗೆ ಓದಿ ಹೇಳಿ ಬಂದರು. ಅವತ್ತು ಅಂಗಡಿಯಲ್ಲಿ ಚಹ ಕುಡಿದರು, ಪುಸ್ತಕದ ಸುದ್ದಿ ಎತ್ತಲಿಲ್ಲ.

ಪಟ್ಟಿ ಒಂದು ಪುಟ ದಾಟಿಲ್ಲ. ಕೆಲವು ಹೆಸರಿಗೆ ಆಗಲೇ ಅಡ್ಡಗೆರೆ ಬಿದ್ದಿದೆ. ನನ್ನ ಹೆಸರೂ ಇದೆ, ಮುಂದೆ ಕೆಂಪು ಷರಾ: 'ಕೇಳುತ್ತಾನೆ, ಓದುವುದಿಲ್ಲ.'

ಅದು ನಾಟಿತು. ಅವರಿಂದಲೇ ಶಾಂತರಸರ ಕತೆಗಳನ್ನು ಇಸಕೊಂಡು ಓದಿದೆ. ಮುಗಿದಾಗ ನಡುರಾತ್ರಿ. ಯಾರಿಗಾದರೂ ಹೇಳದಿದ್ದರೆ ನಿದ್ದೆ ಬಾರದೆನಿಸಿ ಹೆಂಡತಿಯನ್ನು ಎಬ್ಬಿಸಿದೆ. "ಮಾಸ್ತರಿಗೆ ಹೇಳ್ರಿ" ಎಂದು ಅವಳು ಮಗ್ಗಲು ಬದಲಿಸಿದಳು. ಬೆಳಗ್ಗೆ ಹೇಳಿದೆ. ಮಾಸ್ತರು ಎರಡೇ ನಿಮಿಷ ಕೇಳಿ, "ಹಂಗಲ್ಲದು" ಎಂದು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು.

ಸದ್ಯ ಅವರ ಕೈಯಲ್ಲಿ 'ಮಲೆಗಳಲ್ಲಿ ಮದುಮಗಳು' ಇದೆ. ದಪ್ಪ ಪುಸ್ತಕ, ಇನ್ನೂ ಅರ್ಧ ಉಳಿದಿದೆ. ಗದ್ವಾಲ ಸೀರೆ ಬೇಕಾದವರು ಅದು ಮುಗಿಯುವುದರೊಳಗೆ ಬಂದು ಒಯ್ಯಬೇಕಾಗಿ ವಿನಂತಿ.