ಬ್ಯಾಂಕಾಕ್ ಮೂರ್ತಿಗಳು

ದಕ್ಷಿಣ ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಒಂದು ಗಣಪತಿ ಗುಡಿ ಇರುತ್ತದೆ, ಒಂದು ದರ್ಶಿನಿ ಇರುತ್ತದೆ, ಒಬ್ಬರು ಬ್ಯಾಂಕಾಕ್ ಮೂರ್ತಿ ಇರುತ್ತಾರೆ. ಹೆಸರು ಮೂರ್ತಿಯೇ ಆಗಿರಬೇಕೆಂದೇನಿಲ್ಲ. ಬನಶಂಕರಿ ಎರಡನೇ ಹಂತದಲ್ಲಿ ಶಿವಣ್ಣ ಅನ್ನುತ್ತಾರೆ, ಜೆ.ಪಿ. ನಗರದಲ್ಲಿ ರೆಡ್ಡಿಯವರು ಅನ್ನುತ್ತಾರೆ, ಬಿ.ಟಿ.ಎಂ. ಲೇಔಟಿನಲ್ಲಿ ಬಾಬಣ್ಣ. ನಮ್ಮ ಜಯನಗರದಲ್ಲಿ ಮೂರ್ತಿಗಳು. ವಯಸ್ಸು ಐವತ್ತರ ಆಚೀಚೆ. ಸಿಮೆಂಟು, ಟೈಲ್ಸು, ಪೇಂಟು, ಪಂಪ್‌ಸೆಟ್ಟು, ಇವುಗಳಲ್ಲಿ ಯಾವುದಾದರೊಂದರ ಡೀಲರು. ಶನಿವಾರ ರಾಗಿಗುಡ್ಡದ ಆಂಜನೇಯನಿಗೆ ಪ್ರದಕ್ಷಿಣೆ, ಭಾನುವಾರ ಬಡಾವಣೆಯ ಸಂಘದ ಸಭೆ, ಮಿಕ್ಕ ದಿನವೆಲ್ಲ ಬಾಕಿ ವಸೂಲಿ. ವರ್ಷದಲ್ಲಿ ಐದು ದಿನ ಮಾತ್ರ ದೇವರಿಗೂ ಸಿಗುವುದಿಲ್ಲ, ಸಂಘಕ್ಕೂ ಸಿಗುವುದಿಲ್ಲ, ಬಾಕಿದಾರರಿಗೂ ಸಿಗುವುದಿಲ್ಲ.

ಆ ಐದು ದಿನಕ್ಕೆ ಮನೆಯಲ್ಲಿ ಡೀಲರ್ಸ್ ಮೀಟ್ ಎಂದು ಹೆಸರು. ಮಾರ್ಚಿ ಮುಗಿಯುವುದರೊಳಗೆ ಇಷ್ಟು ಟನ್ ಎತ್ತಿದರೆ ಚಿನ್ನದ ನಾಣ್ಯ, ಇಷ್ಟು ಎತ್ತಿದರೆ ಸ್ಕೂಟರು, ಇನ್ನೂ ಎತ್ತಿದರೆ ಎರಡು ರಾತ್ರಿ ಪಟ್ಟಾಯ, ಎರಡು ರಾತ್ರಿ ಬ್ಯಾಂಕಾಕ್ ಎಂದು ಕಂಪನಿಗಳು ಸ್ಕೀಮು ಬಿಡುತ್ತವೆ. ಚಿನ್ನ ತಂದರೆ ಹೆಂಡತಿಯ ಬೀರು ಸೇರುತ್ತದೆ. ಸ್ಕೂಟರು ತಂದರೆ ಮಗಳು ಹತ್ತಿ ಹೊರಟುಬಿಡುತ್ತಾಳೆ. ಬ್ಯಾಂಕಾಕನ್ನು ಮಾತ್ರ ಮನೆಯವರು ಯಾರೂ ಕಿತ್ತುಕೊಳ್ಳಲು ಬರುವುದಿಲ್ಲ. ಹಾಗಾಗಿ ಮೂರ್ತಿಗಳು ಗೋಡೌನಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮೂಟೆ ಎತ್ತುತ್ತಾರೆ. ಮಳೆಗಾಲಕ್ಕೆ ಅದರಲ್ಲಿ ಒಂದಷ್ಟು ಸಿಮೆಂಟು ಕಲ್ಲಾಗುತ್ತದೆ. ಆ ನಷ್ಟ ಯಾವ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲ.

ಹೊರಡುವ ಹಿಂದಿನ ದಿನ "ಪಾಪ, ಆ ದೇಶದಲ್ಲಿ ಊಟಕ್ಕೆ ಏನು ಮಾಡ್ತಾರೋ" ಎಂದು ಅವರ ಮನೆಯವರು ಲಲಿತಮ್ಮ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೋಡುಬಳೆ ಕಟ್ಟಿಕೊಡುತ್ತಾರೆ. ಐದನೇ ದಿನ ಡಬ್ಬಿಗಳು ಖಾಲಿಯಾಗಿ, ಮೂರ್ತಿಗಳ ಫೋನು ತುಂಬಿ ವಾಪಸ್ಸಾಗುತ್ತದೆ. ಲೈಫ್ ಜಾಕೆಟ್ ತೊಟ್ಟು ಸಮುದ್ರದ ಮೇಲೆ ಪ್ಯಾರಾಚೂಟಿನಲ್ಲಿ ನೇತಾಡುವ ಫೋಟೊ, ಸಫಾರಿ ವರ್ಲ್ಡಿನ ಜಿರಾಫೆಗೆ ಬಾಳೆಹಣ್ಣು ತಿನ್ನಿಸುವ ಫೋಟೊ, ಕಂಪನಿ ಬ್ಯಾನರಿನ ಕೆಳಗೆ ಕೈಕಟ್ಟಿ ನಿಂತ ಫೋಟೊ. ಎಲ್ಲವೂ ಹಗಲಿನವೇ. ಫೋಟೊ ನಂಬುವುದಾದರೆ ಥಾಯ್ಲೆಂಡಿನಲ್ಲಿ ಆ ಐದು ದಿನ ಸೂರ್ಯ ಮುಳುಗಿಯೇ ಇಲ್ಲ.

ಮೂರ್ತಿಗಳ ಕಷ್ಟ ಶುರುವಾಗುವುದು ಆಮೇಲೆ. ಅಷ್ಟು ದೂರ ಹೋಗಿಬಂದವರಿಗೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಾಲಿಗೆ ತುರಿಸದೆ ಇರುತ್ತದೆಯೆ? ಆದರೆ ಯಾಕೆ ಹೋದೆ ಎಂದು ಹೇಳುವಂತಿಲ್ಲ. ಆದ್ದರಿಂದ ಹೇಗೆ ಹೋದೆ ಎಂದು ಹೇಳುತ್ತಾರೆ. ಅದನ್ನು ಎಷ್ಟು ಹೇಳಿದರೂ ಅವರಿಗೆ ತೃಪ್ತಿಯಿಲ್ಲ. ಒಳಗೆ ಕುದಿಯುವುದೆಲ್ಲ ಸ್ಟೇಷನ್ ಹೆಸರಾಗಿ, ಟ್ಯಾಕ್ಸಿ ಮೀಟರಾಗಿ, ಅಡ್ಡರಸ್ತೆ ನಂಬರಾಗಿ ಹೊರಗೆ ಬರುತ್ತದೆ.

ಜೆ.ಪಿ. ನಗರದ ಮಿನಿ ಫಾರೆಸ್ಟಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತರೆ ಉಪನ್ಯಾಸ ಆರಂಭ.

"ಸುವರ್ಣಭೂಮಿ ಏರ್‌ಪೋರ್ಟಲ್ಲಿ ಟ್ಯಾಕ್ಸಿಯವರು ಮುತ್ಕೋತಾರೆ, ನೀವು ತಿರುಗಿ ನೋಡ್ಬೇಡಿ. ಸೀದಾ ಕೆಳಗಿಳೀರಿ, ರೈಲಿದೆ. 2010ರಿಂದ ಓಡ್ತಿದೆ. ಫಯಾ ಥಾಯ್ ಅಂತ ಕೊನೇ ಸ್ಟೇಷನ್ನು. ಅಲ್ಲಿ ಸ್ಕೈಟ್ರೇನ್ ಹತ್ಕೊಳ್ಳಿ. ನಮ್ಮೂರಿಗೆ ಮೆಟ್ರೊ ಬಂದಿದ್ದು 2011ರಲ್ಲಿ, ಅವರಲ್ಲಿ 1999ರಲ್ಲೇ ಬಂದಿತ್ತು ಸ್ವಾಮಿ! ಸುಖುಮ್ವಿತ್ ಅಂತ ಒಂದು ರಸ್ತೆ, ನಮ್ಮ ಕನಕಪುರ ರಸ್ತೆ ಥರ ಹೋಗ್ತಾನೇ ಇರುತ್ತೆ. ಕ್ರಾಸಿಗೆ ಸೋಯ್ ಅಂತಾರೆ. ಬೆಸ ನಂಬರೆಲ್ಲ ಒಂದು ಕಡೆ, ಸರಿ ನಂಬರೆಲ್ಲ ಎದುರುಗಡೆ. ಕಣ್ಣು ಕಟ್ಟಿ ಬಿಟ್ಟರೂ ಹೋಗ್ಬಹುದು. ನಮ್ಮಲ್ಲಿ ಒಂಬತ್ತನೇ ಮೇನ್ ಹುಡುಕ್ಕೊಂಡು ಹೊರಟರೆ ಬ್ಲಾಕಿಗೊಂದು ಒಂಬತ್ತನೇ ಮೇನ್ ಸಿಗುತ್ತೆ."

"ಅದು ಸರಿ ಮೂರ್ತಿಗಳೇ, ಆ ಸೋಯ್‌ಗೆ ಯಾತಕ್ಕೆ ಹೋಗೋದು?" ಎಂದರು ಒಂದು ದಿನ ನಿವೃತ್ತ ಸಬ್‌ರಿಜಿಸ್ಟ್ರಾರರು. ಅವರಿಗೆ ದಸ್ತಾವೇಜು ಪೂರ್ತಿ ಓದದೆ ಮೊಹರು ಹಾಕಿ ಅಭ್ಯಾಸವಿಲ್ಲ.

ಮೂರ್ತಿಗಳು ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದರು. "ಊಟಕ್ಕೆ. ಅಲ್ಲಿ ಇಡ್ಲಿ ಚೆನ್ನಾಗಿರುತ್ತೆ."

ಬ್ಯಾಂಕಾಕಿನ ಭೂಪಟ ಅಂಗೈಯಲ್ಲಿಟ್ಟುಕೊಂಡ ಈ ಮಹಾನುಭಾವರ ಮನೆಯಿಂದ ಸೌತ್ ಎಂಡ್ ಸರ್ಕಲ್ ಮೆಟ್ರೊ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ. 2017ರಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿ ಮುಟ್ಟಿತು, 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ಬಂತು. ಮೂರ್ತಿಗಳು ಇನ್ನೂ ಒಳಗೆ ಕಾಲಿಟ್ಟಿಲ್ಲ. ಟೋಕನ್ ಎಲ್ಲಿ ಕೊಳ್ಳಬೇಕೆಂದು ಕೇಳಿದರೆ "ಡ್ರೈವರಿಗೆ ಗೊತ್ತು" ಎನ್ನುತ್ತಾರೆ. ಇಲ್ಲಿ ರೈಲಿನಲ್ಲಿ ಪರಿಚಯದವರು ಸಿಗುತ್ತಾರಲ್ಲ, ಮರ್ಯಾದೆಯ ಪ್ರಶ್ನೆ. ಅಲ್ಲಿ ಯಾರಿದ್ದಾರೆ ನೋಡುವವರು?

ಇದ್ದಾರೆ. ಸ್ಕೀಮು ಬಿಟ್ಟ ಕಂಪನಿ ಒಂದೇ ಅಲ್ಲವಲ್ಲ. ಸಾಲಾ ಡೇಂಗ್ ಸ್ಟೇಷನ್ನಿನಲ್ಲಿ ಇಳಿದು ಸೀಲೋಮ್ ರಸ್ತೆ ಹಿಡಿದರೆ ಮೊದಲು ಪ್ಯಾಟ್‌ಪಾಂಗ್ ಎಂಬ ಕೆಂಪು ದೀಪದ ಗಲ್ಲಿ ಸಿಗುತ್ತದೆ. ಅದೇ ರಸ್ತೆಯಲ್ಲಿ ಇನ್ನಷ್ಟು ದೂರ ನಡೆದರೆ ಮಹಾಮಾರಿಯಮ್ಮನ ಗುಡಿ, ಹತ್ತೊಂಬತ್ತನೇ ಶತಮಾನದಲ್ಲಿ ತಮಿಳು ವಲಸಿಗರು ಕಟ್ಟಿಸಿದ್ದು, ಬಣ್ಣಬಣ್ಣದ ಗೋಪುರ. ಈ ವ್ಯವಸ್ಥೆಗಾಗಿ ಮೂರ್ತಿಗಳು ಆ ತಾಯಿಗೆ ಚಿರಋಣಿ. ರಾತ್ರಿ ಹನ್ನೊಂದು ಗಂಟೆಗೆ ಗಲ್ಲಿಯ ಬಾಯಲ್ಲಿ ಬನಶಂಕರಿಯ ಶಿವಣ್ಣ ಎದುರಾದರು. ಇಬ್ಬರೂ ಒಂದೇ ಉಸಿರಿಗೆ "ದೇವಸ್ಥಾನ ಹುಡುಕ್ತಿದ್ದೆ" ಎಂದರು. ಆ ಹೊತ್ತಿನಲ್ಲಿ ಯಾವ ಮಾರಿಯಮ್ಮ ಬಾಗಿಲು ತೆರೆದು ಕೂತಿರುತ್ತಾಳೆ? ಆದರೂ ಒಬ್ಬರಿಗೊಬ್ಬರು ಸಾಕ್ಷಿಯಾಗಿ ಅಲ್ಲಿಯವರೆಗೂ ನಡೆದು, ಹಾಕಿದ ಬಾಗಿಲಿಗೆ ಕೈಮುಗಿದು, ಬೇರೆಬೇರೆ ಟ್ಯಾಕ್ಸಿಯಲ್ಲಿ ಹೋಟೆಲಿಗೆ ವಾಪಸ್ಸಾದರಂತೆ. ಆ ಒಂದು ರಾತ್ರಿ ಇಬ್ಬರಿಗೂ ದಂಡ. ಮೂರ್ತಿಗಳು ಇದನ್ನು ದೈವಭಕ್ತಿಯ ಪ್ರಸಂಗವಾಗಿ ಹೇಳುತ್ತಾರೆ.

"ಅಲ್ಲಿ ಎಲ್ಲಾ ಓಪನ್ನು, ಎಲ್ಲಾ ಲೀಗಲ್ಲು" ಎನ್ನುವುದು ಅವರ ಇನ್ನೊಂದು ಮಾತು. ಥಾಯ್ಲೆಂಡು ಈ ದಂಧೆಯನ್ನು 1960ರಲ್ಲೇ ಕಾನೂನು ಮಾಡಿ ನಿಷೇಧಿಸಿದೆ. 1996ರಲ್ಲಿ ಹಳೆಯ ಕಾನೂನಿನ ಜಾಗಕ್ಕೆ ಹೊಸದನ್ನು ತಂದಿತು, ನಿಷೇಧ ಹಾಗೇ ಉಳಿಯಿತು. ಹದಿನೆಂಟು ತುಂಬದವರ ಬಳಿ ಹೋದ ಗಿರಾಕಿಗೆ ಜೈಲು ಎಂದೂ ಅದರಲ್ಲಿ ಬರೆದಿದೆ. ಆದರೆ ಈ ಎರಡು ಕಾನೂನುಗಳ ನಡುವೆ, ವಿಯೆಟ್ನಾಂ ಯುದ್ಧದ ಕಾಲಕ್ಕೆ, ಅಮೆರಿಕದ ಸೈನಿಕರು ರಜೆ ಕಳೆಯಲೆಂದು ಬಂದಿಳಿದಿದ್ದರು. 1967ರಲ್ಲಿ ಎರಡೂ ಸರಕಾರಗಳ ನಡುವೆ ಆ ರಜೆಗಾಗಿಯೇ ಒಪ್ಪಂದವೂ ಆಯಿತು. ಮೀನುಗಾರರ ಹಳ್ಳಿಯಾಗಿದ್ದ ಪಟ್ಟಾಯ ಅವರ ಡಾಲರಿನಲ್ಲಿ ಊರಾಯಿತು. ಸೈನಿಕರು ಹೊರಟುಹೋದರು, ಅಂಗಡಿಗಳು ಉಳಿದವು. ಅವರು ಬಿಟ್ಟ ಕುರ್ಚಿಗಳಲ್ಲಿ ಈಗ ನಮ್ಮ ಸಿಮೆಂಟು, ಟೈಲ್ಸಿನವರು ಕೂತಿದ್ದಾರೆ. ಮೂರ್ತಿಗಳಿಗೆ ಈ ಚರಿತ್ರೆ ಹೇಳಿದರೆ ಬೇಸರ. ರೂಪಾಯಿಗೆ ಎಷ್ಟು ಬಾಟ್ ಎಂಬ ಮಾತಿಗೆ ತಿರುಗುತ್ತಾರೆ.

"ಅಲ್ಲಿಯವರಿಗೆ ನನ್ನ ಕಂಡರೆ ಬಹಳ ಗೌರವ. ನಾನೊಂದು ಮಾತು ಆಡಿದ್ರೆ ಸಾಕು, ಬಿದ್ದುಬಿದ್ದು ನಗ್ತಾರೆ" ಎಂದು ಒಮ್ಮೆ ಬಾಯಿ ಜಾರಿತು. ಅವರ ಮಾತು ಎಂದರೆ ಕನ್ನಡ ಮಿಶ್ರಿತ ಇಂಗ್ಲಿಷು. ಅದಕ್ಕೆ ನಗುವ ಹೆಂಗಸು ಬಹುಮಟ್ಟಿಗೆ ಈಸಾನ್ ಎಂಬ ಈಶಾನ್ಯ ಸೀಮೆಯ ಭತ್ತದ ಊರಿನಿಂದ ಬಂದವಳು. ಮಗು ಊರಿನಲ್ಲಿ ಅಜ್ಜಿಯ ಹತ್ತಿರ, ತಿಂಗಳು ಹುಟ್ಟಿದರೆ ಹಣ ಕಳಿಸಬೇಕು. ಎದುರಿಗಿರುವವನು ತಮಾಷೆ ಹೇಳಿ ಮುಗಿಸಿದನೆ ಇಲ್ಲವೆ ಎಂದು ಅವನ ಮುಖ ನೋಡಿ ತಿಳಿದುಕೊಂಡು ನಗಬೇಕು, ಅದೂ ಕೆಲಸವೇ. ಮೂವತ್ತು ವರ್ಷ ಕೌಂಟರಿನ ಹಿಂದೆ ಕೂತು, ಕೊಳ್ಳುವವನ ಪೆದ್ದು ಮಾತಿಗೆಲ್ಲ "ಹೌದು ಸಾರ್, ಕರೆಕ್ಟ್ ಸಾರ್" ಎಂದು ಹಲ್ಲು ಕಿರಿದ ಮನುಷ್ಯನಿಗೆ ಆ ನಗೆಯ ಗುರುತು ಹತ್ತಲಿಲ್ಲ ಎಂದರೆ ಆಶ್ಚರ್ಯವೇ.

ಇಲ್ಲಿ, ಊರಿನಲ್ಲಿ, ಮೂರ್ತಿಗಳು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಉಪಾಧ್ಯಕ್ಷರು. ಮುಖ್ಯರಸ್ತೆಯಲ್ಲಿ ಕಪ್ಪು ಗಾಜಿನ ಒಂದು ಸ್ಪಾ ತೆರೆದಾಗ ಪೊಲೀಸ್ ಠಾಣೆಗೆ ಮೊದಲು ಅರ್ಜಿ ಬರೆದವರು ಅವರೇ. "ಸಂಸಾರಸ್ಥರು ವಾಸಿಸುವ ಪ್ರದೇಶದ ಕೌಟುಂಬಿಕ ವಾತಾವರಣಕ್ಕೆ ಧಕ್ಕೆಯಾಗುತ್ತಿದ್ದು" ಎಂದು ಶುರುವಾದ ಅರ್ಜಿಗೆ ನಾವೆಲ್ಲ ಸಹಿ ಹಾಕಿದೆವು. ಅದರಲ್ಲಿ ಇಂಥ ಕಡೆ ಏನೇನು ನಡೆಯಬಹುದು ಎಂಬ ವಿವರ ಮಾತ್ರ ಎಷ್ಟು ಕೂಲಂಕಷವಾಗಿತ್ತೆಂದರೆ, ಓದಿದ ಇನ್ಸ್‌ಪೆಕ್ಟರು ತಲೆಯೆತ್ತಿ "ನಿಮಗೆ ಇದೆಲ್ಲ ಹೇಗೆ ಗೊತ್ತು?" ಎಂದು ಕೇಳಿದರು. "ಪೇಪರಲ್ಲಿ ಬರುತ್ತಲ್ಲ ಸಾರ್" ಎಂದರು ಮೂರ್ತಿಗಳು.

ಪೇಪರಿನಲ್ಲಿ ಬಂದ ಒಂದು ಸುದ್ದಿ ಮಾತ್ರ ಅವರ ನಿದ್ದೆ ಕೆಡಿಸಿತು. 2025ರಲ್ಲಿ ಪುಣೆ ಕಡೆಯ ಒಬ್ಬ ಗೃಹಸ್ಥ, ಬ್ಯಾಂಕಾಕಿಗೆ ಹೋಗಿಬಂದದ್ದು ಮನೆಯವರಿಗೆ ತಿಳಿಯಬಾರದೆಂದು ಪಾಸ್‌ಪೋರ್ಟಿನ ಹಾಳೆಗಳನ್ನೇ ಹರಿದುಹಾಕಿ, ಮುಂಬೈ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಮನೆಯವರಿಂದ ಮುಚ್ಚಿಡಲು ಹೊರಟದ್ದು ದೇಶಕ್ಕೆಲ್ಲ ಗೊತ್ತಾಯಿತು, ಮೇಲೆ ಪೊಲೀಸ್ ಕೇಸು. ಸುದ್ದಿ ಓದಿದ ದಿನವೇ ಮೂರ್ತಿಗಳು ತಮ್ಮ ಪಾಸ್‌ಪೋರ್ಟನ್ನು ಮನೆಯ ಬೀರುವಿನಿಂದ ಅಂಗಡಿಯ ತಿಜೋರಿಗೆ ಸಾಗಿಸಿದರು. ಲಲಿತಮ್ಮ ಆ ಬೀರುವಿನಿಂದ ತಮ್ಮ ಪಾಸ್‌ಪೋರ್ಟನ್ನು ಹೊರಗೆ ತೆಗೆದಿದ್ದು ಅದೇ ವಾರ.

2023ರ ನವೆಂಬರಿನಿಂದ ಥಾಯ್ಲೆಂಡು ಭಾರತೀಯರಿಗೆ ವೀಸಾ ಬೇಡವೆಂದಿತ್ತು. ಭಜನಾ ಮಂಡಳಿಯ ಹೆಂಗಸರು ಕಾಶಿಗೆಂದು ಚೀಟಿ ಹಾಕಿ ಕೂಡಿಸಿದ ಹಣ ಎಣಿಸಿ ನೋಡಿದರು, ಬ್ಯಾಂಕಾಕಿಗೂ ಆಗುತ್ತಿತ್ತು. ಗೈಡು ಬೇಕೆ ಎಂಬ ಪ್ರಶ್ನೆ ಬಂದಾಗ ಲಲಿತಮ್ಮ "ಯಾತಕ್ಕೆ? ದಾರಿ ನನಗೆ ಬಾಯಿಪಾಠ" ಎಂದರಂತೆ. ಗಂಡನ ಉಪನ್ಯಾಸವನ್ನು ವರ್ಷಗಟ್ಟಲೆ ಅಡುಗೆಮನೆಯಿಂದ ಕೇಳಿಸಿಕೊಂಡವರು. ಫಯಾ ಥಾಯ್‌ನಲ್ಲಿ ಬದಲಾಯಿಸಬೇಕು, ಬೆಸ ನಂಬರು ಒಂದು ಕಡೆ, ಸರಿ ನಂಬರು ಎದುರುಗಡೆ. ಎಲ್ಲವೂ ಸಾಸಿವೆ ಡಬ್ಬಿಯಷ್ಟೇ ಕೈಗೆ ನಿಲುಕುತ್ತಿತ್ತು.

ಅಸೋಕ್ ಸ್ಟೇಷನ್ನಿನವರೆಗೆ ಮೂರ್ತಿಗಳ ದಾರಿ. ಅಲ್ಲಿಂದ ಮುಂದೆ ಲಲಿತಮ್ಮನವರದೇ. ಕೆಳಗಿಳಿದು ನೆಲದಡಿಯ ರೈಲು ಹತ್ತಿದರು. 2019ರಲ್ಲಿ ಆ ಮಾರ್ಗ ನದಿಯ ಕಡೆ ಸನಾಮ್ ಚಾಯ್‌ವರೆಗೂ ಬೆಳೆದಿದೆ. "ಆ ಕಡೆ ಏನೂ ಇಲ್ಲ" ಎನ್ನುತ್ತಿದ್ದರು ಮೂರ್ತಿಗಳು. ಏನೂ ಇಲ್ಲದ ಆ ಕಡೆ ವಾಟ್ ಪೋ ದೇವಾಲಯ, ಒಳಗೆ 46 ಮೀಟರ್ ಉದ್ದಕ್ಕೆ ಚಿನ್ನದ ಬಣ್ಣದ ಬುದ್ಧ ಮಲಗಿದ್ದಾನೆ. ಅದೇ ಪ್ರಾಕಾರದಲ್ಲಿ 1955ರಿಂದ ಥಾಯ್ ಅಂಗಮರ್ದನದ ಶಾಲೆ ನಡೆದುಬಂದಿದೆ. ಯುನೆಸ್ಕೊ ಈ ವಿದ್ಯೆಯನ್ನು 2019ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ. ಲಲಿತಮ್ಮ ಸಾಲಿನಲ್ಲಿ ನಿಂತು, ರಸೀದಿ ಪಡೆದು, ಚಾಪೆಯ ಮೇಲೆ ಮಲಗಿದರು. ತಮ್ಮದೇ ವಯಸ್ಸಿನ ಗಟ್ಟಿಮುಟ್ಟಾದ ಒಬ್ಬಾಕೆ ಮೊಣಕೈ ಊರಿ ತಿಕ್ಕಿದ ತಿಕ್ಕಿಗೆ ಹತ್ತು ವರ್ಷದ ಮಂಡಿನೋವು ಮಾತು ಕೇಳಿತು.

ಆ ಸಲದ ವರಮಹಾಲಕ್ಷ್ಮಿ ಹಬ್ಬದ ಸಂಜೆ ಅವರ ನಡುಮನೆ ತುಂಬ ಜನ. ಗಂಡಸರೆಲ್ಲ ವರಾಂಡದಲ್ಲಿ ಕಡಲೆಉಸಲಿ ತಿನ್ನುತ್ತಿದ್ದೆವು. ಒಳಗಿನಿಂದ ಲಲಿತಮ್ಮನವರ ದನಿ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಬಂತು.

"ಬ್ಯಾಂಕಾಕಲ್ಲಿ ನಾನು ಮಸಾಜ್ ಮಾಡಿಸ್ಕೊಂಡೆ ಕಣ್ರೀ! ಏನು ಹಿತ ಅಂತೀರಿ!"

ಮೂರ್ತಿಗಳ ಗಂಟಲಲ್ಲಿ ಕಡಲೆ ಸಿಕ್ಕಿಕೊಂಡಿತು. ಸಬ್‌ರಿಜಿಸ್ಟ್ರಾರರು ಬೆನ್ನು ತಟ್ಟಿದರು.

"ನಮ್ಮ ಮನೆಯವರನ್ನೂ ನೋಡಿ, ಬೆನ್ನುನೋವು ಬೆನ್ನುನೋವು ಅಂತ ಒದ್ದಾಡ್ತಾರೆ. ಅಷ್ಟು ಸಲ ಹೋಗಿಬಂದಿದಾರೆ, ಒಂದು ದಿನಕ್ಕಾದ್ರೂ ಮಸಾಜ್ ಮಾಡಿಸ್ಕೊಂಡಿದಾರಾ ಕೇಳಿ! ಬುದ್ಧನ್ನೂ ನೋಡಿಲ್ವಂತೆ. 46 ಮೀಟರ್ ಇದಾನೆ ರೀ, ಹೇಗೆ ಕಣ್ಣಿಗೆ ಬೀಳದೆ ಹೋದ?"

ಲಲಿತಮ್ಮನವರಿಗೆ ಗೊತ್ತಿದೆಯೋ ಇಲ್ಲವೋ ಎಂದು ಅಂದಿನಿಂದ ನಮ್ಮ ಕಲ್ಲುಬೆಂಚಿನ ಮೇಲೆ ಚರ್ಚೆ ನಡೆದೇ ಇದೆ. ಸಬ್‌ರಿಜಿಸ್ಟ್ರಾರರ ಅಭಿಪ್ರಾಯದಲ್ಲಿ ಅದು ನೋಂದಣಿಯಾದ ಸಂಗತಿ. ಮೂರ್ತಿಗಳು ಮಾತ್ರ ಚರ್ಚೆಗೆ ಬರುವುದಿಲ್ಲ, ಈಗ ಬೇರೆ ಪಾರ್ಕಿಗೆ ವಾಕಿಂಗ್ ಹೋಗುತ್ತಾರೆ.

ಹೋದ ಏಪ್ರಿಲಿನಲ್ಲಿ, ಹೊಸದಾಗಿ ಡೀಲರ್‌ಶಿಪ್ ಹಿಡಿದ ಇಬ್ಬರು ಹುಡುಗರು ಟಾರ್ಗೆಟ್ ಮುಟ್ಟಿದ ಖುಷಿಯಲ್ಲಿ ಅವರ ಗೇಟಿನ ಹತ್ತಿರ ಬಂದರು. "ಅಣ್ಣ, ಮುಂದಿನ ವಾರ ಬ್ಯಾಂಕಾಕು. ಎಲ್ಲಿ ಹೋಗ್ಬೇಕು, ಹೇಗೆ ಹೋಗ್ಬೇಕು, ಸ್ವಲ್ಪ ಗೈಡ್ ಮಾಡಿ" ಎಂದು ದನಿ ತಗ್ಗಿಸಿ, ಕಣ್ಣು ಮಿಟುಕಿಸಿ ಕೇಳಿದರು. ಮೂರ್ತಿಗಳು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಲಲಿತಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

"ಬ್ಯಾಂಕಾಕಾ? ಒಳಗೆ ಬಂದು ಕೂತ್ಕೊಳ್ರಪ್ಪ, ಕಾಫಿ ತರ್ತೀನಿ. ಅವರನ್ನೇನು ಕೇಳ್ತೀರಿ, ಅವರಿಗೆ ಅರ್ಧ ಊರೇ ಗೊತ್ತಿರೋದು. ನಿಮ್ಮ ಮನೆಯವರ ನಂಬರ್ ಕೊಡಿ, ಪೂರ್ತಿ ದಾರಿ ಬರೆದು ಅವರಿಗೇ ಕಳಿಸಿಬಿಡ್ತೀನಿ."